ಅಕ್ರೋಟು ಮೇಜಿನ ಅಡಿಯಲ್ಲಿ ಯಾರ ಹೆಸರು?

'ವಿಂಟೇಜ್ ಮಿಡ್-ಸೆಂಚುರಿ ಇಟಾಲಿಯನ್ ವಾಲ್‌ನಟ್ ರೈಟಿಂಗ್ ಡೆಸ್ಕ್.'

ಹಳೆಯ ಪೀಠೋಪಕರಣ ಮಾರುವ ಯಾವ ಅಂತರ್ಜಾಲ ಮಳಿಗೆಯನ್ನು ತೆರೆದರೂ ಇಂಥದೊಂದು ಸಾಲು ಕಣ್ಣಿಗೆ ಬೀಳುತ್ತದೆ. ಜೊತೆಗೊಂದು ಚಿತ್ರ. ಕೆಳಗೆ ಹೋದಂತೆ ಸಣ್ಣದಾಗುವ ನಾಲ್ಕು ಕಾಲುಗಳು, ಆ ಕಾಲುಗಳ ತುದಿಗೆ ಹಿತ್ತಾಳೆಯ ಟೊಪ್ಪಿ, ಒಂದು ಬದಿಗೆ ಮೂರು ಡ್ರಾಯರು, ಮೇಲ್ಮೈ ತುಂಬ ಹೊಳೆಯ ಹರಿವಿನಂತೆ ಮರದ ಗೆರೆಗಳು. ಬೆಲೆ ಲಕ್ಷಗಳಲ್ಲಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಜಿಯೋ ಪೊಂಟಿ ಶೈಲಿಯಲ್ಲಿ' ಎಂಬ ಮಾತು.

ಈ ಸಾಲಿನಲ್ಲಿ ಕಾಲ ಇದೆ, ದೇಶ ಇದೆ, ಮರ ಇದೆ, ಉಪಯೋಗ ಇದೆ. ಒಬ್ಬ ಪ್ರಸಿದ್ಧ ವಾಸ್ತುಶಿಲ್ಪಿಯ ಹೆಸರೂ ಇದೆ. ಆದರೆ ಇದನ್ನು ಮಾಡಿದವರು ಯಾರು ಎಂಬುದಿಲ್ಲ. ಬಹುಪಾಲು ಇಂಥ ಮೇಜುಗಳ ಕತೆ ಇಷ್ಟೇ. ಅವುಗಳ ಬೆಲೆ ಒಂದು ಹೆಸರಿನ ಮೇಲೆ ನಿಂತಿದೆ, ಮೇಜು ನಿಂತಿರುವುದು ಬೇರೆಯವರ ಕೈಕೆಲಸದ ಮೇಲೆ.

ಕಾಲಕ್ಕೆ ಹೆಸರು ಬಂದದ್ದು ಆಮೇಲೆ

'ಮಿಡ್-ಸೆಂಚುರಿ ಮಾಡರ್ನ್' ಎಂಬ ಮಾತು ಆ ಮೇಜುಗಳು ತಯಾರಾದ ಕಾಲದ್ದಲ್ಲ. 1984ರಲ್ಲಿ ಅಮೆರಿಕದ ಲೇಖಕಿ ಕಾರಾ ಗ್ರೀನ್‌ಬರ್ಗ್ ಐವತ್ತರ ದಶಕದ ಪೀಠೋಪಕರಣಗಳ ಬಗ್ಗೆ ಬರೆದ ಪುಸ್ತಕಕ್ಕೆ ಆ ಹೆಸರಿಟ್ಟರು. ಅಲ್ಲಿಂದ ಮುಂದೆ ಅದು ವ್ಯಾಪಾರದ ಮಾತಾಯಿತು. 1950ರಲ್ಲಿ ಮಿಲಾನಿನ ಒಬ್ಬ ವಕೀಲ ಹೊಸ ಮೇಜು ಕೊಳ್ಳಲು ಹೋದಾಗ ಅದು ಅವನಿಗೆ ಬರೀ ಒಂದು 'ಸ್ಕ್ರಿವಾನಿಯಾ'. ಇಟಾಲಿಯನ್ ಭಾಷೆಯಲ್ಲಿ 'ಸ್ಕ್ರೀವೆರೆ' ಎಂದರೆ ಬರೆಯುವುದು. ಬರೆಯುವ ಮೇಜು, ಅಷ್ಟೇ.

ಆದರೆ ಆ ಹೊಸ ಮೇಜಿನ ರೂಪಕ್ಕೆ ಕಾರಣಗಳಿದ್ದವು. ಎರಡನೆಯ ಮಹಾಯುದ್ಧ ಮುಗಿದಾಗ ಮಿಲಾನ್, ತೂರಿನ್, ಜಿನೋವಾ ಮೊದಲಾದ ನಗರಗಳಲ್ಲಿ ಬಾಂಬಿಗೆ ಸಿಕ್ಕಿದ ಮನೆಗಳು ಲೆಕ್ಕವಿಲ್ಲದಷ್ಟು. 1946ರಲ್ಲಿ ಮಿಲಾನಿನಲ್ಲಿ ಸಣ್ಣ ಮನೆಗಳಿಗೆ ಹೊಂದುವ ಪೀಠೋಪಕರಣಗಳದೇ ಒಂದು ಪ್ರದರ್ಶನ ನಡೆಯಿತು. ಮರುವರ್ಷದ ತ್ರಿಯೆನ್ನಾಲೆ ಪ್ರದರ್ಶನದ ಮುಖ್ಯ ಚಿಂತೆಯೂ ಎಲ್ಲರಿಗೂ ಮನೆ ಒದಗಿಸುವುದು ಹೇಗೆ ಎಂಬುದೇ ಆಗಿತ್ತು. 1949ರಲ್ಲಿ ಸರಕಾರ 'ಇನಾ-ಕಾಜಾ' ಎಂಬ ವಸತಿ ಯೋಜನೆ ಹೂಡಿತು. ಹದಿನಾಲ್ಕು ವರ್ಷಗಳಲ್ಲಿ ಸುಮಾರು ಮೂರೂವರೆ ಲಕ್ಷ ಮನೆಗಳು ಎದ್ದವು.

ಮುಂಬಯಿಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಮುಂದಿನ ಮಾತನ್ನು ವಿವರಿಸಬೇಕಿಲ್ಲ. ಸಣ್ಣ ಕೋಣೆಗೆ ದೊಡ್ಡ ಮೇಜು ಬಂದರೆ ಮನುಷ್ಯರು ಹೊರಗೆ ನಿಲ್ಲಬೇಕು. ಹಿಂದಿನ ತಲೆಮಾರಿನ ಇಟಾಲಿಯನ್ ಮೇಜು ಎರಡು ಬದಿಗೂ ನೆಲದವರೆಗೆ ಡ್ರಾಯರುಗಳ ಗೋಪುರ, ಕೆತ್ತನೆ, ಸಿಂಹದ ಪಾದ ಎಂದು ಕೋಟೆಯಂತೆ ಕೂತಿರುತ್ತಿತ್ತು. ಹೊಸ ಮೇಜಿನಲ್ಲಿ ಡ್ರಾಯರುಗಳನ್ನು ಮೇಲಕ್ಕೆತ್ತಿ ಮೇಲುಹಲಗೆಯಿಂದ ತೂಗುಬಿಟ್ಟರು. ಕಾಲುಗಳನ್ನು ತೆಳ್ಳಗೆ ಮಾಡಿ ಸ್ವಲ್ಪ ಹೊರಕ್ಕೆ ಬಾಗಿಸಿದರು. ಮೇಜಿನ ಕೆಳಗೆ ನೆಲ ಕಾಣತೊಡಗಿತು, ಕೋಣೆ ದೊಡ್ಡದಾದಂತೆ ಅನ್ನಿಸಿತು. ಅನೇಕ ಮೇಜುಗಳಲ್ಲಿ ಹಿಂಬದಿಗೂ ಅದೇ ಮರದ ಹೊದಿಕೆ ಹಾಕಿ ಪಾಲಿಶ್ ಮಾಡಿದ್ದರು. ಗೋಡೆಗೆ ಒತ್ತಿ ಇಡಬಹುದು, ಕೋಣೆಯ ನಡುವೆಯೂ ಇಡಬಹುದು.

ನಕ್ಷೆ ಬರೆದವರು

ಈ ಬದಲಾವಣೆಗೆ ಮುಖವಾದವರಲ್ಲಿ ಮೊದಲಿಗ ಜಿಯೋ ಪೊಂಟಿ (1891-1979). 1928ರಲ್ಲಿ 'ಡೊಮುಸ್' ಪತ್ರಿಕೆ ಹುಟ್ಟುಹಾಕಿದವರು, ಮಿಲಾನಿನ ಪಿರೆಲ್ಲಿ ಗೋಪುರ ಕಟ್ಟಿದವರು, ಕಸ್ಸಿನಾ ಸಂಸ್ಥೆಗಾಗಿ 1957ರಲ್ಲಿ 'ಸೂಪರ್‌ಲೆಜೆರಾ' ಎಂಬ ಕುರ್ಚಿ ರಚಿಸಿದವರು. ಆ ಕುರ್ಚಿಯ ತೂಕ ಬರೀ 1.7 ಕಿಲೋ, ಮಗುವೂ ಒಂದು ಬೆರಳಿನಲ್ಲಿ ಎತ್ತಬಹುದು. ಹಗುರಾಗಿರುವುದೇ ಚೆಲುವು ಎಂಬ ಅವರ ನಂಬಿಕೆ ಮೇಜಿನ ಕಾಲುಗಳಲ್ಲೂ ಕಾಣುತ್ತದೆ. ಅದೇ ಕಾಲದ ಫ್ರಾಂಕೊ ಅಲ್ಬಿನಿ ಮರ, ಗಾಜು, ಲೋಹಗಳನ್ನು ಸೇತುವೆ ಕಟ್ಟುವವರಂತೆ ಜೋಡಿಸಿದರು. ತೂರಿನಿನ ಕಾರ್ಲೊ ಮೊಲ್ಲಿನೊ ಮರವನ್ನು ಪ್ರಾಣಿಯ ಎಲುಬಿನಂತೆ ಬಾಗಿಸಿದರು. ಅವರು 1949ರಲ್ಲಿ ರಚಿಸಿದ 'ಕವೂರ್' ಎಂಬ ಬರೆಯುವ ಮೇಜನ್ನು ಇಂದಿಗೂ ಒಂದು ಇಟಾಲಿಯನ್ ಸಂಸ್ಥೆ ತಯಾರಿಸುತ್ತದೆ.

1950ರ ಕೊನೆಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಶುರುವಾದ 'ಇಟಲಿ ಅಟ್ ವರ್ಕ್' ಪ್ರದರ್ಶನ ಮೂರು ವರ್ಷ ಅಮೆರಿಕದ ಊರೂರು ಸುತ್ತಿತು. ಯುದ್ಧದಲ್ಲಿ ಸೋತ ದೇಶದ ಕೈಕೆಲಸವನ್ನು ಗೆದ್ದ ದೇಶ ಸಾಲು ನಿಂತು ನೋಡಿತು. ಇಟಾಲಿಯನ್ ಪೀಠೋಪಕರಣ ಎಂಬುದಕ್ಕೆ ಲೋಕದಲ್ಲೊಂದು ಬೆಲೆ ಬಂದದ್ದು ಹೀಗೆ.

ಆದರೆ ಪೊಂಟಿ ಉಳಿ ಹಿಡಿದವರಲ್ಲ, ಪೆನ್ಸಿಲ್ ಹಿಡಿದವರು. ಉಳಿ ಹಿಡಿದವರನ್ನು ನೋಡಬೇಕಾದರೆ ಮಿಲಾನಿನಿಂದ ಉತ್ತರಕ್ಕೆ ಹೋಗಬೇಕು.

ಮರ ಕೊಯ್ದವರು

ಮಿಲಾನಿಗೂ ಕೋಮೊ ಸರೋವರಕ್ಕೂ ನಡುವಿನ ಸೀಮೆಗೆ ಬ್ರಿಯಾಂಜಾ ಎಂದು ಹೆಸರು. ಕಾಂತು, ಲಿಸ್ಸೋನೆ, ಮೇದಾ, ಜುಸ್ಸಾನೊ ಅಲ್ಲಿನ ಊರುಗಳು. ಮಿಲಾನಿನ ಸಿರಿವಂತರ ಬೇಸಿಗೆಯ ಬಂಗಲೆಗಳು ಈ ಕಡೆ ಇದ್ದವು. ಆ ಬಂಗಲೆಗಳಿಗೆ ಮಂಚ, ಕಪಾಟು, ಮೇಜು ಬೇಕಾಗಿದ್ದವು. ಸಣ್ಣ ಹಿಡುವಳಿಯ ಬೇಸಾಯ, ರೇಷ್ಮೆಹುಳು ಸಾಕಣೆ ಇವುಗಳ ಜೊತೆಗೆ ಮರಗೆಲಸವೂ ಮನೆಮನೆಗೆ ಹಬ್ಬಿತು.

ಅಲ್ಲಿನ ಪದ್ಧತಿಯಲ್ಲಿ ಒಂದು ಮೇಜನ್ನು ಒಬ್ಬನೇ ಮಾಡುವುದಿಲ್ಲ. ಚೌಕಟ್ಟು ಕೂಡಿಸುವವನು ಒಬ್ಬ, ಕಾಲು ಕಡೆಯುವವನು ಇನ್ನೊಬ್ಬ. ಮೇಲಿನ ತೆಳು ಮರದ ಹಾಳೆ ಅಂಟಿಸುವವನು, ಹಿತ್ತಾಳೆ ಕೆಲಸದವನು, ಪಾಲಿಶಿನವನು ಬೇರೆ ಬೇರೆ. ಎಲ್ಲರೂ ಅಕ್ಕಪಕ್ಕದ ಬೀದಿಗಳಲ್ಲೇ. ಅರೆಮುಗಿದ ಮೇಜು ಒಂದು ಅಂಗಳದಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಕಸ್ಸಿನಾದಂಥ ಸಂಸ್ಥೆಯೂ 1927ರಲ್ಲಿ ಮೇದಾ ಊರಿನಲ್ಲಿ ಇಬ್ಬರು ಸೋದರರ ಮರಗೆಲಸದ ಅಂಗಡಿಯಾಗಿ ಶುರುವಾದದ್ದು. 1955ರಲ್ಲಿ ಕಾಂತು ಊರು ಒಂದು ವಿನ್ಯಾಸ ಸ್ಪರ್ಧೆ ಆರಂಭಿಸಿತು. ಹೊರಗಿನ ವಿನ್ಯಾಸಕಾರರು ನಕ್ಷೆ ಕಳಿಸುವುದು, ಆಯ್ಕೆಯಾದ ನಕ್ಷೆಗೆ ಊರಿನ ಬಡಗಿಗಳು ರೂಪ ಕೊಡುವುದು. ಮಿಲಾನಿನ ಪೀಠೋಪಕರಣ ಮೇಳ 1961ರಲ್ಲಿ ಹುಟ್ಟಿದಾಗ ಅದರ ಹಿಂದಿನ ಬಲ ಇದೇ ಸೀಮೆ.

ಕಾಗದದ ಮೇಲೆ ಎಳೆದ ತೆಳ್ಳನೆಯ ಕಾಲು ನಿಜದ ಮೇಜಿನ ಭಾರ ಹೊರಬೇಕಾದರೆ ಎಲ್ಲಿ ಎಷ್ಟು ದಪ್ಪ ಬಿಡಬೇಕು, ಕೂಡು ಎಲ್ಲಿ ಬರಬೇಕು ಎಂದು ಹೇಳುವವನು ಬಡಗಿ. ಅವನು 'ಇದು ನಿಲ್ಲುವುದಿಲ್ಲ' ಎಂದರೆ ನಕ್ಷೆ ತಿದ್ದಬೇಕು. ಅವನ ಆ ಮಾತಿಗೆ ದಾಖಲೆ ಇರುವುದಿಲ್ಲ, ಮೇಜು ನಿಂತಿರುವುದೇ ದಾಖಲೆ.

ಅಕ್ರೋಟು ಮತ್ತು ಅರಗು

ವಾಲ್‌ನಟ್ ಎಂದರೆ ನಮ್ಮ ಅಕ್ರೋಟು. ಇಟಲಿಯಲ್ಲಿ ಅದು 'ನೋಚೆ'. ಯುರೋಪಿನ ಅಕ್ರೋಟೂ ಕಾಶ್ಮೀರದ ಅಕ್ರೋಟೂ ಒಂದೇ ಜಾತಿಯ ಮರ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಜುಗ್ಲಾನ್ಸ್ ರೀಜಿಯಾ ಎಂದೇ ಹೆಸರು. ಶ್ರೀನಗರದ ಕುಶಲಕರ್ಮಿಗಳು ಅದರ ಗಟ್ಟಿ ತುಂಡಿನಲ್ಲಿ ಚಿನಾರ್ ಎಲೆ, ಕಮಲ ಕೆತ್ತುತ್ತಾರೆ. ಐವತ್ತರ ದಶಕದ ಇಟಾಲಿಯನ್ನರು ಕೆತ್ತನೆ ಬಿಟ್ಟು ಮರದ ಗೆರೆಗಳನ್ನೇ ಅಲಂಕಾರ ಮಾಡಿಕೊಂಡರು.

ಅದೂ ಗಟ್ಟಿ ಮರದಲ್ಲಲ್ಲ. ಒಳ್ಳೆಯ ಅಕ್ರೋಟು ದುಬಾರಿ, ಬಂದೂಕಿನ ಹಿಡಿಗೂ ಅದೇ ಮೆಚ್ಚಿನ ಮರ. ಹಾಗಾಗಿ ಮೇಜಿನ ಒಡಲು ಪ್ಲೈವುಡ್ ಅಥವಾ ಅಗ್ಗದ ಮರದ ಪಟ್ಟಿಗಳ ಹಲಗೆ. ಮೇಲೆ ಒಂದು ಮಿಲಿಮೀಟರಿನ ಆಸುಪಾಸಿನ ಅಕ್ರೋಟು ಹಾಳೆ, ಅಂದರೆ ವೆನೀರ್. ಕಾಲುಗಳು ಮಾತ್ರ ಸಾಮಾನ್ಯವಾಗಿ ಗಟ್ಟಿ ಮರ. ಒಂದೇ ದಿಮ್ಮಿಯಿಂದ ಅನುಕ್ರಮವಾಗಿ ಕೊಯ್ದ ಎರಡು ಹಾಳೆಗಳನ್ನು ಪುಸ್ತಕ ತೆರೆದಂತೆ ಪಕ್ಕಪಕ್ಕ ಅಂಟಿಸಿದರೆ ಎಡಬಲದ ಗೆರೆಗಳು ಕನ್ನಡಿಯ ಬಿಂಬದಂತೆ ಹೊಂದುತ್ತವೆ. ಆ ನಡುಗೆರೆ ಮೇಜಿನ ನಟ್ಟನಡುವೆ ಬರುವಂತೆ ನೋಡಿಕೊಳ್ಳುವುದು ಹಾಳೆ ಅಂಟಿಸುವವನ ಕೈಚಳಕ.

ವೆನೀರ್ ಎಂದ ಕೂಡಲೇ ನಮಗೆ 'ಮೇಲೆ ಥಳುಕು, ಒಳಗೆ ಹುಳುಕು' ಎಂಬ ಗಾದೆ ನೆನಪಾಗುತ್ತದೆ. ತೇಗ, ಹಲಸು, ಬೀಟೆಯ ಗಟ್ಟಿ ಸಾಮಾನು ನೋಡಿ ಬೆಳೆದವರು ನಾವು. ಆದರೆ ಇಲ್ಲಿ ಅದು ಮೋಸವಲ್ಲ. ಅಗಲವಾದ ಗಟ್ಟಿ ಹಲಗೆ ಚಳಿಗೆ ಕುಗ್ಗಿ, ಮಳೆಗೆ ಹಿಗ್ಗಿ ಸೊಟ್ಟಗಾಗುತ್ತದೆ. ಪದರ ಪದರವಾಗಿ ಅಡ್ಡ ಉದ್ದ ಅಂಟಿಸಿದ ಹಲಗೆ ನೇರವಾಗಿ ನಿಲ್ಲುತ್ತದೆ. ಒಂದು ದಿಮ್ಮಿಯಲ್ಲಿ ಹಲವು ಮೇಜುಗಳ ಮೈ ಮುಚ್ಚಬಹುದು.

'ವಾಲ್‌ನಟ್' ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬಬಾರದು. ಆ ಕಾಲದ ಇಟಾಲಿಯನ್ನರು 'ಪಾಲಿಸಾಂದ್ರೊ' ಎಂದು ಕರೆಯುವ ರೋಸ್‌ವುಡ್ಡನ್ನೂ ಧಾರಾಳವಾಗಿ ಬಳಸಿದರು. ಅದರಲ್ಲಿ ಬ್ರೆಜಿಲಿನದೂ ಇತ್ತು, ಭಾರತದ್ದೂ ಇತ್ತು. ಭಾರತದ್ದು ಎಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಯ ಜಾತಿ. ಕಂದು ಮೈಯಲ್ಲಿ ನೇರಳೆ ಛಾಯೆ, ಕಪ್ಪು ಗೆರೆ ಎದ್ದು ಕಂಡರೆ ಅದು ಅಕ್ರೋಟಲ್ಲ, ಬೀಟೆಯ ಬಳಗ ಇರಬಹುದು. ಇದು ಬರೀ ಬಣ್ಣದ ಪ್ರಶ್ನೆಯಲ್ಲ. ಬ್ರೆಜಿಲಿನ ರೋಸ್‌ವುಡ್ 1992ರಿಂದ, ಈ ಕುಲದ ಉಳಿದ ಮರಗಳು 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ಅಕ್ರೋಟು ಎಂದುಕೊಂಡು ತರಿಸಿದ್ದು ರೋಸ್‌ವುಡ್ ಆಗಿಬಿಟ್ಟರೆ ತೊಡಕು ಬೇರೆಯೇ.

ಪಾಲಿಶಿನ ವಿಷಯದಲ್ಲಿ ನಮಗೂ ಆ ಮೇಜಿಗೂ ಇನ್ನೂ ಹತ್ತಿರದ ನಂಟು. ಐವತ್ತರ ದಶಕದ ನಡುವಿನವರೆಗೂ ಒಳ್ಳೆಯ ಕೆಲಸಕ್ಕೆ 'ಗೊಮ್ಮಾಲಾಕಾ' ಬಳಸುತ್ತಿದ್ದರು. ಅದು ಅರಗು. ನಮ್ಮ ಕಾಡುಗಳ ಮರಗಳ ಮೇಲೆ ಸಣ್ಣ ಕೀಟ ಸುರಿಸುವ ಅಂಟನ್ನು ಕರಗಿಸಿ, ಸೋಸಿ, ಹಾಳೆಯಾಗಿಸಿ ಒಡೆದ ಚೂರು. ಲೋಕದ ಅರಗಿನ ದೊಡ್ಡ ಮೂಲವೇ ಭಾರತ. ಚನ್ನಪಟ್ಟಣದ ಗೊಂಬೆಗೆ ತಿರುಗುವ ಕಡತದಲ್ಲಿ ಬಿಸಿಗೆ ಹತ್ತುವುದೂ ಇದೇ ಅರಗು. ಬ್ರಿಯಾಂಜಾದವನು ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ಸುತ್ತು ಸುತ್ತಾಗಿ ಹತ್ತಾರು ಸಲ ಒರೆಸುತ್ತಿದ್ದ. ಅಷ್ಟು ಮಾಡಿದ ಮೇಲೆ ಬರುವ ಹೊಳಪಿಗೆ ಆಳ ಇರುತ್ತದೆ. ಐವತ್ತರ ದಶಕ ಕಳೆಯುವಷ್ಟರಲ್ಲಿ ಯಂತ್ರದಿಂದ ಸಿಂಪಡಿಸುವ ಲ್ಯಾಕರ್ ಬಂತು, ಬೇಗ ಒಣಗಿತು, ಬಟ್ಟೆಯುಂಡೆಯ ಕೈಗಳಿಗೆ ಕೆಲಸ ಕಡಿಮೆಯಾಯಿತು.

ಯಾರು ಕೂತು ಬರೆದರು?

ಇಂಥ ಮೇಜಿನ ಮುಂದೆ ಕೂತವರು ವಕೀಲರು, ವೈದ್ಯರು, ಇಂಜಿನಿಯರರು, ಬ್ಯಾಂಕಿನ ಅಧಿಕಾರಿಗಳು, ಅನುಕೂಲಸ್ಥರ ಮಕ್ಕಳು. 1951ರ ಜನಗಣತಿಯ ಹೊತ್ತಿಗೆ ಇಟಲಿಯಲ್ಲಿ ನೂರಕ್ಕೆ ಸುಮಾರು ಹದಿಮೂರು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ದಕ್ಷಿಣದಲ್ಲಿ ಇನ್ನೂ ಹೆಚ್ಚು. 1960ರಲ್ಲಿ ಅಲ್ಲಿನ ಸರಕಾರಿ ಟಿ.ವಿ.ಯಲ್ಲಿ ಅಲ್ಬೆರ್ತೊ ಮಾಂಜಿ ಎಂಬ ಮೇಷ್ಟ್ರು ದೊಡ್ಡವರಿಗೆ ಅಕ್ಷರ ಕಲಿಸುವ ಕಾರ್ಯಕ್ರಮ ಶುರುಮಾಡಿದರು. 'ಎಂದಿಗೂ ತಡವಾಗಿಲ್ಲ' ಎಂಬುದು ಅದರ ಹೆಸರಿನ ಅರ್ಥ.

ಅದೇ ವರ್ಷಗಳಲ್ಲಿ ದಕ್ಷಿಣದ ಹಳ್ಳಿಗಳಿಂದ ಲಕ್ಷಾಂತರ ಜನ ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ ಹಿಡಿದು ರೈಲು ಹತ್ತಿ ಮಿಲಾನ್, ತೂರಿನ್ ಸೇರಿದರು. ಅವರ ಭಾಷೆಯ ಧಾಟಿ ಬೇರೆ, ಊಟ ಬೇರೆ. ಬಾಡಿಗೆಗೆ ಮನೆ ಕೊಡದವರೂ ಇದ್ದರು. ಕೆಲಸ ಹುಡುಕಿ ಪರಊರಿಗೆ ಬಂದ ನಮ್ಮ ಹಿರಿಯರ ಕತೆಯಲ್ಲೂ ಈ ರೈಲು, ಈ ಪೆಟ್ಟಿಗೆ ಇದ್ದೇ ಇವೆ. ಅವರಲ್ಲಿ ಬರೆಯಬಲ್ಲವರು ಊರಿಗೆ ಕಾಗದ ಬರೆದದ್ದು ಅಕ್ರೋಟು ಮೇಜಿನ ಮೇಲಲ್ಲ, ಊಟದ ಮೇಜಿನ ಮೇಲೆ. ಬರೆಯುವುದಕ್ಕೆಂದೇ ಒಂದು ಮೇಜು ಇರುವುದು ಆ ದೇಶದಲ್ಲಿ ಒಂದು ಅಂತಸ್ತು. ಮನೆಗೆ ಅಂಥದೊಂದು ಬಂದರೆ ಆ ಮನೆಯ ಮಗು ಓದುತ್ತದೆ ಎಂಬ ಆಸೆಯೂ ಅದರ ಜೊತೆಗೆ ಬರುತ್ತಿತ್ತು.

ಹೆಸರಿನ ಬೆಲೆ

ಇಂದು ಆ ಮೇಜು ಹರಾಜಿಗೆ ಬಂದರೆ ಮೊದಲ ಪ್ರಶ್ನೆ ಹೆಸರಿನದು. 2005ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಮೊಲ್ಲಿನೊ ಅವರ 1949ರ ಒಂದು ಓಕ್ ಮತ್ತು ಗಾಜಿನ ಮೇಜು ಸುಮಾರು 38 ಲಕ್ಷ ಡಾಲರಿಗೆ ಹೋಯಿತು. ಮೊಲ್ಲಿನೊ ಅವರ ಪೀಠೋಪಕರಣಗಳ ಮಟ್ಟಿಗೆ ಒಂದು ಅದೃಷ್ಟವಿದೆ. ಅವುಗಳಲ್ಲಿ ಅನೇಕವನ್ನು ತೂರಿನಿನ 'ಅಪೆಲ್ಲಿ ಮತ್ತು ವರೇಜಿಯೊ' ಕಾರ್ಯಾಗಾರ ಮಾಡಿತೆಂಬುದು ದಾಖಲಾಗಿದೆ. ಬ್ರಿಯಾಂಜಾದ ಸಾವಿರಾರು ಮೇಜುಗಳಿಗೆ ಆ ಭಾಗ್ಯ ಇಲ್ಲ. ಆದ್ದರಿಂದ ವ್ಯಾಪಾರಿ ಹತ್ತಿರದ ದೊಡ್ಡ ಹೆಸರನ್ನು ತಂದು ಅಂಟಿಸುತ್ತಾನೆ.

ಕೊಳ್ಳುವವರು ಪದಗಳನ್ನು ತೂಗಿ ಓದಬೇಕು. 'ಪೊಂಟಿಯವರದು' ಎಂದರೆ ಮಾರುವವನು ಹೊಣೆ ಹೊರುತ್ತಾನೆ ಎಂದರ್ಥ. 'ಪೊಂಟಿಯವರದೆಂದು ಹೇಳಲಾದ' ಎಂದರೆ ಅವನಿಗೇ ಖಾತ್ರಿಯಿಲ್ಲ. 'ಪೊಂಟಿ ಶೈಲಿಯಲ್ಲಿ' ಎಂದರೆ ಅವರದಲ್ಲ ಎಂದೇ ಅರ್ಥ. ಮಿಲಾನಿನಲ್ಲಿ ಪೊಂಟಿಯವರ ದಾಖಲೆಗಳನ್ನು ಕಾಪಾಡುವ ಸಂಸ್ಥೆಯಿದೆ. ಅದು ಪರಿಶೀಲಿಸಿ ಕೊಟ್ಟ ಪತ್ರವಿದ್ದರೆ ಮಾತು ಬೇರೆ. ಇನ್ನೊಂದು ಕಾನೂನನ್ನೂ ತಿಳಿದಿರಬೇಕು. 2017ರ ತಿದ್ದುಪಡಿಯ ನಂತರ ಇಟಲಿಯಲ್ಲಿ, ಕರ್ತೃ ಬದುಕಿಲ್ಲದ, 70 ವರ್ಷ ದಾಟಿದ, 13,500 ಯೂರೊಗಿಂತ ಹೆಚ್ಚು ಬೆಲೆಯ ಸಾಂಸ್ಕೃತಿಕ ಮಹತ್ವದ ವಸ್ತು ದೇಶ ಬಿಡಬೇಕಾದರೆ ಪರವಾನಗಿ ಬೇಕು. ಐವತ್ತರ ದಶಕದ ಮೇಜುಗಳು ಈಗ ಒಂದೊಂದಾಗಿ ಆ ಗಡಿ ದಾಟುತ್ತಿವೆ.

ನಮ್ಮಲ್ಲೂ ಹೀಗೇ ಆಗಿದೆ. ಚಂಡೀಗಢದ ಕಚೇರಿಗಳಿಗಾಗಿ ಪಿಯರ್ ಜಾನ್ನರೆ ಮತ್ತವರ ಸಂಗಡಿಗರು ರೂಪಿಸಿದ ತೇಗದ ಕುರ್ಚಿ ಮೇಜುಗಳು ಗುಜರಿಯಾಗಿ ಹೊರಬಿದ್ದು, ಯುರೋಪಿನ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಎಚ್ಚೆತ್ತು ಮಾರಾಟಕ್ಕೆ ತಡೆ ಹಾಕಿತು. ಜಾನ್ನರೆ ಹೆಸರು ಎಲ್ಲರಿಗೂ ಗೊತ್ತು. ಆ ತೇಗ ಕೊಯ್ದು ಕೂಡಿಸಿದ ಪಂಜಾಬಿನ ಬಡಗಿಗಳ ಹೆಸರು ಹರಾಜಿನ ಪುಸ್ತಕದಲ್ಲಿ ಕಾಣುವುದಿಲ್ಲ.

ಮೇಜನ್ನು ಓದುವುದು ಹೇಗೆ?

ಹೆಸರಿನ ಚೀಟಿ ಮರೆತು ಮೇಜನ್ನೇ ಓದಲು ಕಲಿತರೆ ಅದು ತಾನಾಗಿ ಮಾತಾಡುತ್ತದೆ. ಮೊದಲು ಡ್ರಾಯರನ್ನು ಪೂರ್ತಿ ಹೊರಗೆಳೆದು ತಿರುವಿ ಹಾಕಿ. ಒಳಗಿನ ಮರ ಪಾಪ್ಲರ್, ಬೀಚ್‌ನಂಥ ತಿಳಿಬಣ್ಣದ್ದಿದ್ದು, ಮೂಲೆಗಳಲ್ಲಿ ಪಾರಿವಾಳದ ಬಾಲದಾಕಾರದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಒಳ್ಳೆಯ ಲಕ್ಷಣ. ಸ್ಕ್ರೂಗಳ ತಲೆಯಲ್ಲಿ ಒಂದೇ ಗೀಟು ಇರಬೇಕು. ಕೂಡಿಸುವ ಗೀಟಿನವು ಕಂಡರೆ ಮುಂದೆ ರಿಪೇರಿಯಾಗಿದೆ, ಇಲ್ಲವೇ ಮೇಜೇ ಹೊಸದು. ಹಿತ್ತಾಳೆಗೆ ಅಯಸ್ಕಾಂತ ಹಿಡಿಯಿರಿ. ಕಚ್ಚಿದರೆ ಅದು ಹಿತ್ತಾಳೆಯ ಲೇಪ ಕೊಟ್ಟ ಕಬ್ಬಿಣ. ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಮುಟ್ಟಿಸಿ ನೋಡಿದರೆ ಅರಗಿನ ಪಾಲಿಶ್ ಅಂಟಂಟಾಗುತ್ತದೆ. ಸಣ್ಣ ತೂತುಗಳ ಕೆಳಗೆ ಹೊಸ ಹುಡಿ ಉದುರಿದ್ದರೆ ಒಳಗೆ ಹುಳು ಇನ್ನೂ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಮುಂಬಯಿ, ಚೆನ್ನೈಯ ತೇವಕ್ಕೆ ಹಳೆಯ ಅಂಟು ಸಡಿಲಿ ವೆನೀರ್ ಏಳಬಹುದು. ದೆಹಲಿಯ ಒಣ ಬೇಸಿಗೆಗೆ ಅದೇ ಹಾಳೆ ಬಿರಿಯಬಹುದು. ಎ.ಸಿ.ಯ ಗಾಳಿ ನೇರ ಬೀಳದ, ಕಿಟಕಿಯ ಬಿಸಿಲು ತಾಗದ ಜಾಗದಲ್ಲಿಡಿ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅರಗಿನ ಮೈ ಮೇಲೆ ಬಿಸಿ ಕಾಫಿಯ ಲೋಟ ಇಟ್ಟರೆ ಬಿಳಿ ಉಂಗುರ ಉಳಿಯುತ್ತದೆ. ಹೊಸ ಪಾಲಿಶ್ ಬಳಿಯುವ ಉತ್ಸಾಹದಲ್ಲಿ ಯಂತ್ರದಿಂದ ಉಜ್ಜಿಸಿದರೆ ಒಂದು ಮಿಲಿಮೀಟರಿನ ಅಕ್ರೋಟು ಹಾರಿಹೋಗಿ ಪ್ಲೈವುಡ್ ಮುಖ ತೋರಿಸುತ್ತದೆ.

ಅಕ್ರೋಟಿನ ಇನ್ನೊಂದು ಗುಣ ಹೇಳಬೇಕು. ಅನೇಕ ಮರಗಳು ವರ್ಷ ಕಳೆದಂತೆ ಕಪ್ಪಾಗುತ್ತವೆ. ಅಕ್ರೋಟು ಬೆಳಕಿಗೆ ತಿಳಿಯಾಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಎಷ್ಟೋ ವರ್ಷ ಒಂದೇ ಜಾಗದಲ್ಲಿ ದೀಪವೋ ಟೈಪ್‌ರೈಟರೋ ಇದ್ದರೆ, ಅದನ್ನೆತ್ತಿದಾಗ ಅಡಿಯಲ್ಲಿ ಗಾಢ ಕಂದು ಬಣ್ಣದ ಗುರುತು ಉಳಿದಿರುತ್ತದೆ. ಕೆಲವರು ಅದನ್ನು ಕಲೆ ಎಂದು ಉಜ್ಜಿಸುತ್ತಾರೆ. ಅಲ್ಲಿ ಯಾರೋ ದಿನವೂ ಬರೆಯುತ್ತಿದ್ದರು ಎಂಬುದಕ್ಕೆ ಅದೊಂದೇ ಸಾಕ್ಷಿ.

ಇಂಥ ಮೇಜು ಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ, ಅದರ ಅಗತ್ಯವೂ ಇಲ್ಲ. ಮುಂಬಯಿಯ ಓಶಿವರಾದಲ್ಲಿ, ದೆಹಲಿಯ ಕೀರ್ತಿನಗರದಲ್ಲಿ ಒಂದು ಚಿತ್ರ ತೋರಿಸಿದರೆ ಅದೇ ಮಾದರಿಯ ಮೇಜು ಮಾಡಿಕೊಡುವ ಕೈಗಳಿವೆ. ಮಾಡಿಸುವುದಾದರೆ ಒಂದು ಕೆಲಸ ಮಾಡಿ. ಬ್ರಿಯಾಂಜಾದ ಹಳೆಯ ಡ್ರಾಯರುಗಳ ಅಡಿಯಲ್ಲಿ ಬಡಗಿ ಜೋಡಣೆಗೆಂದು ಪೆನ್ಸಿಲಿನಲ್ಲಿ ಹಾಕಿಕೊಂಡ ಅಂಕಿ, ಗೀಟು ಆಗಾಗ ಸಿಗುತ್ತವೆ, ಹೆಸರು ಸಿಗುವುದು ಅಪರೂಪ. ನಿಮ್ಮ ಮೇಜು ಮುಗಿದ ದಿನ ಅದನ್ನು ಮಾಡಿದವರ ಕೈಗೆ ಒಂದು ಪೆನ್ಸಿಲ್ ಕೊಟ್ಟು, ಡ್ರಾಯರಿನ ಅಡಿಯಲ್ಲಿ ಅವರ ಹೆಸರು, ಊರು, ಇಸವಿ ಬರೆದುಕೊಡಲು ಕೇಳಿ.